ಮತದಾನದ ದಿನದ ಕುರುಡು

ಆ ಮನೆಯ ಸೊಸೆ ಹೊಲಿಗೆ ಕೆಲಸದವಳು. ಮುಸ್ಸಂಜೆಯ ಬೆಳಕಿನಲ್ಲೂ ಸೂಜಿಗೆ ಮೊದಲ ಸಲಕ್ಕೇ ದಾರ ಪೋಣಿಸುತ್ತಿದ್ದಳು. ಅಂಥವಳಿಗೆ ಚುನಾವಣೆಯ ದಿನ ಮಾತ್ರ ಕಣ್ಣು ಕಾಣಿಸುತ್ತಿರಲಿಲ್ಲ. ಕೇಳಿದರೆ ನಗು ಬರಬಹುದು. ಅವಳ ಅತ್ತೆಗೂ ಹಾಗೆಯೇ, ಆ ಬೀದಿಯ ಅರ್ಧ ಹೆಂಗಸರಿಗೂ ಹಾಗೆಯೇ.

ಅದು ಅಲ್ಲಿಯ ರೂಢಿ. ಮತಗಟ್ಟೆಯಲ್ಲಿ ಹೆಂಗಸು ತಲೆ ತಗ್ಗಿಸಿ ಕಣ್ಣು ಮಂಜು ಅನ್ನಬೇಕು. ಸಹಾಯಕನೆಂದು ಜೊತೆಗೆ ಹೋದ ಗಂಡ ಅವಳ ಗುಂಡಿಯನ್ನೂ ತಾನೇ ಒತ್ತಬೇಕು. ಹೆಂಗಸರಿಗೆ ಒಲೆಯ ಭಾರವೇ ಸಾಕು, ಇದೊಂದನ್ನು ನಾವು ಹೊರುತ್ತೇವೆ ಎಂದು ಬಡಗಿ ಮಾವ ಉಳಿ ಮಸೆಯುತ್ತ ನಗುತ್ತಿದ್ದ.

ರಾಜ್ಯದ ಚುನಾವಣೆಯಲ್ಲಿ ಸೊಸೆ ಮೊದಲ ಸಲ, ನನಗೆ ಕಾಣುತ್ತೆ ಎಂದು ಒಬ್ಬಳೇ ಒಳಗೆ ಹೋಗಿ ಬಂದಳು. ಯಾರಿಗೆ ಹಾಕಿದೆ ಎಂದು ಮಾವ ಕೇಳಿದ. ಹೇಳಲಿಲ್ಲ. ಗಂಡ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ಆಗಲೂ ಹೇಳಲಿಲ್ಲ. ಮಾವ ಅವಳ ಬಲಗೈಯನ್ನು ಬಾಗಿಲ ಸಂದಿಗಿಟ್ಟು, ತಾನೇ ಮಾಡಿದ ದಪ್ಪ ಬಾಗಿಲನ್ನು ಭುಜ ಕೊಟ್ಟು ಮುಚ್ಚಿದ. ಎಲುಬು ಮುರಿದ ಸದ್ದು ಅಡುಗೆಮನೆಗೂ ಕೇಳಿಸಿತು. ಎರಡು ಬೆರಳು ಮತ್ತೆಂದೂ ಮಡಚಲಿಲ್ಲ. ಗಾಳಿಗೆ ಬಾಗಿಲು ಬಡಿಯಿತು ಎಂದು ಅವನು ಬಂದವರಿಗೆಲ್ಲ ಹೇಳಿದ. ಅತ್ತೆ ಹೌದೆಂದು ತಲೆಯಾಡಿಸಿದಳು.

"ಯಾರದೋ ಒಂದು ಹೆಸರು ಹೇಳಿಬಿಟ್ಟಿದ್ರೆ ಆಗ್ತಿತ್ತಲ್ಲಮ್ಮಾ," ಎಂದಳು ಅತ್ತೆ, ಅವಳಿಗೆ ತುತ್ತು ಉಣಿಸುತ್ತ. "ಅಷ್ಟಕ್ಕೆ ಕೈ ಕಳ್ಕೊಂಡ್ಯಲ್ಲ."

"ಉಡೋದು, ಉಣ್ಣೋದು ಎಲ್ಲಾ ಅವರಿಷ್ಟ ಅತ್ತೆ. ನಂದು ಅಂತ ಇರೋದು ಅದೊಂದೇ."

ಮರುವರ್ಷ ವಾರ್ಡಿನ ಚುನಾವಣೆ ಬಂತು. ಮಾವನಿಗೆ ಬಾಗಿಲು ಕಿಟಕಿಯ ಕೆಲಸ ಕೊಡುವ ಗುತ್ತಿಗೆದಾರ ನಿಂತಿದ್ದ. ಅವಳ ಬೆರಳಿಗೆ ಪಟ್ಟಿ ಕಟ್ಟಿದ್ದ ದಾದಿಯೂ ನಿಂತಿದ್ದಳು. ಹೊರಡುವ ಮುನ್ನ ಗಂಡ ಅವಳ ಎಡಗೈ ಅದುಮಿ, ಇದೊಂದು ಉಳಿದಿದೆ, ನೆನಪಿರಲಿ ಎಂದ.

ಕಣ್ಣು ಕಾಣುವುದಿಲ್ಲವೇ ಎಂದು ಮತಗಟ್ಟೆಯ ಅಧಿಕಾರಿಣಿ ಅವಳನ್ನು ಕೇಳಿದಳು. ಇಲ್ಲ ಎಂದವನು ಗಂಡ. ಸೊಸೆ ಬಟ್ಟೆಯ ಅಂಚಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಮಡಚದ ಆ ಎರಡು ಬೆರಳ ನಡುವೆ ಇಟ್ಟುಕೊಂಡಳು. ಎಡಗೈಯಿಂದ ಅದೇ ಅಂಚಿನ ಒಂದು ಎಳೆ ದಾರ ಕಿತ್ತು ಒಂದೇ ಸಲಕ್ಕೆ ಪೋಣಿಸಿದಳು.

ಗಂಡನ ಮುಷ್ಟಿ ಅವಳ ಬಾಯಿಗೆ ಬಿತ್ತು. ಮತದಾರರ ಪಟ್ಟಿಯ ಮೇಲೆ ರಕ್ತ ಸಿಡಿಯಿತು. ಪೊಲೀಸರು ಅವನ ರಟ್ಟೆ ತಿರುಚಿ ಹೊರಗೆಳೆದರು. ಅವಳು ಮುರಿದ ಹಲ್ಲನ್ನು ಅಂಗೈಗೆ ಉಗಿದುಕೊಂಡು, ಶಾಯಿಗೆ ಬೆರಳು ಚಾಚಿ, ಒಬ್ಬಳೇ ಮರೆಗೆ ಹೋದಳು.

ಸಾಲಿನಲ್ಲಿ ಹಿಂದೆ ಹೆಂಡತಿಯ ತೋಳು ಹಿಡಿದು ನಿಂತಿದ್ದ ಮಾವ, ಇವಳಿಗಂತೂ ನಿಜವಾಗಿಯೂ ಕಾಣುವುದಿಲ್ಲ ಎಂದು ಅವಸರದಲ್ಲಿ ಹೇಳಿದ.

ಅತ್ತೆ ತೋಳು ಬಿಡಿಸಿಕೊಂಡು ಅಧಿಕಾರಿಣಿಯತ್ತ ತಿರುಗಿದಳು.

"ಕಾಣುತ್ತೆ ಕಣಮ್ಮ. ಅವಳ ಬೆರಳ ಮೇಲೆ ಬಾಗಿಲು ಮುಚ್ಚಿದ್ದು ಯಾರು ಅಂತಾನೂ ಕಂಡಿದೀನಿ. ಮೊದ್ಲು ನನ್ನ ಓಟು ಹಾಕ್ತೀನಿ. ಆಮೇಲೆ ಹೊರಗಿರೋ ಪೊಲೀಸ್ನೋರಿಗೆ ಅದನ್ನ ಹೇಳ್ತೀನಿ."