ಸಾವಿನ ಮನೆಯ ಒಲೆ

ನಾನು ಇಟಲಿಯ ಉತ್ತರದ ಟುರಿನ್‌ನಿಂದ ದಕ್ಷಿಣದ ಸಿಸಿಲಿಗೆ ಸೊಸೆಯಾಗಿ ಬಂದವಳು. ಟುರಿನ್‌ನಲ್ಲಿ ಅಪ್ಪ ಸತ್ತಾಗ ಪಕ್ಕದ ಮನೆಯವರು ಬಾಗಿಲ ಸಂದಿಯಲ್ಲಿ ಒಂದು ಸಂತಾಪದ ಕಾರ್ಡು ತೂರಿಸಿ ಹೋಗಿದ್ದರು.

ಇಲ್ಲಿ ಅತ್ತೆ ತೀರಿಕೊಂಡ ದಿನ, ಬಂದವರಿಗೆ ಅಡುಗೆ ಮಾಡಲೆಂದು ಒಲೆ ಹಚ್ಚಿದೆ. ಎದುರುಮನೆಯ ಮುದುಕಿ ಅಗ್ರಿಪಿನಾ ದೊಡ್ಡ ಪಾತ್ರೆ ಹಿಡಿದು ಒಳಬಂದವರೇ ಒಲೆ ಆರಿಸಿಬಿಟ್ಟರು. ಅವರೂ ಅತ್ತೆಯೂ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು.

“ಸಾವಿನ ಮನೇಲಿ ಒಲೆ ಹಚ್ತಾರೇನೇ? ನಿಮ್ಮ ಕಡೆ ಹೆಣ ಇಟ್ಕೊಂಡೇ ಅಡುಗೆ ಮಾಡ್ತೀರಾ? ಮೂರು ದಿನ ಬೀದಿಯವರೇ ಊಟ ತರ್ತೀವಿ.”

“ನೀವು ಅತ್ತೆ ಮುಖಾನೂ ನೋಡ್ತಿರ್ಲಿಲ್ಲ, ಚಿಕ್ಕಮ್ಮ.”

ಅವರು ಬಟ್ಟಲಿಗೆ ಬಿಸಿ ಕೋಳಿಸಾರು ಬಡಿಸಿದರು.

“ಜಗಳ ಇದ್ದಿದ್ದು ಅವಳ ಹತ್ರ, ನಿನ್ನ ಹೊಟ್ಟೆ ಹತ್ರ ಅಲ್ಲ. ಉಣ್ಣು.”

ಟುರಿನ್‌ನ ಪಕ್ಕದ ಮನೆಯವರಿಗೂ ನಮಗೂ ಒಂದು ದಿನವೂ ಜಗಳವಾಗಿರಲಿಲ್ಲ.