ಮೀನೂಟದ ಹಾಲ್‌ನಲ್ಲಿ ಹಾಕಿದ ಸಹಿಗಳು

ಕ್ರೇಗ್ ಡನ್‌ಲೀವಿಯ ಮುಖ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವನು ನಮ್ಮ ನಗರಸಭೆಯ ವಕೀಲ. ಸಣ್ಣವನಿದ್ದಾಗ ನಾನು ಓಡಿಸುತ್ತಿದ್ದ ಶಾಲಾ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ಹಿಂದೆ ಯಾರು ಏನು ಮಾಡಿದರೆಂದು ಚಾಡಿ ಹೇಳುತ್ತಿದ್ದ. ಈಗ ಅದಕ್ಕೇ ಸಂಬಳ ಪಡೆಯುತ್ತಾನೆ.

ನಮ್ಮೂರಿಗೆ ಈರೀ ಸರೋವರದ ನೀರು ಮುಟ್ಟಲು ಉಳಿದಿರುವುದು ಮರಳಿನ ಒಂದು ಪಟ್ಟಿ ಮಾತ್ರ. ಉಳಿದ ದಡವೆಲ್ಲ ದುಡ್ಡಿದ್ದವರ ಬೇಲಿಯೊಳಗೆ ಸೇರಿಹೋಗಿದೆ. ನನ್ನ ಮಕ್ಕಳು ಈಜು ಕಲಿತದ್ದು ಅಲ್ಲೇ. ಕ್ರೇಗನ ತಾಯಿ ವಿನಿಫ್ರೆಡ್, ಕಾಲು ಸೋತ ಮೇಲೂ, ವೃದ್ಧರ ವ್ಯಾನಿನಲ್ಲಿ ಬಂದು ಮಧ್ಯಾಹ್ನವಿಡೀ ಅಲ್ಲಿಯ ಬೆಂಚಿನ ಮೇಲೆ ಕೂತಿರುತ್ತಾಳೆ. ಆ ಪಟ್ಟಿಯನ್ನೂ ದೋಣಿ ಕ್ಲಬ್ಬಿನವರಿಗೆ ತೊಂಬತ್ತೊಂಬತ್ತು ವರ್ಷದ ಗುತ್ತಿಗೆಗೆ ಕೊಡಬೇಕೆಂದು ನಗರಸಭೆ ಒಳಗೊಳಗೇ ಮಾತು ಮುಗಿಸಿಕೊಂಡಿತ್ತು. ಗೊತ್ತಾದ ದಿನವೇ ಹೋಗಿ ಕೂಗಾಡಿ ಬಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಉಳಿದದ್ದು ಒಂದೇ ದಾರಿ, ನಗರಸಭೆಯೂ ಪಾಲಿಸಬೇಕಾದ ಊರಿನ ಮೂಲ ಕಾನೂನು, ಆ ಸನ್ನದನ್ನೇ ತಿದ್ದುವುದು. ಜನರ ಮತ ಪಡೆಯದೆ ದಂಡೆಯನ್ನು ಯಾರಿಗೂ ಕೊಡುವಂತಿಲ್ಲ ಎಂದು ಅದರಲ್ಲಿ ಒಂದು ವಾಕ್ಯ ಸೇರಿಸಬೇಕು. ಸಾಕಷ್ಟು ಮತದಾರರು ಅರ್ಜಿಗೆ ಸಹಿ ಹಾಕಿದರೆ ಆ ವಾಕ್ಯ ನವೆಂಬರಿನ ಮತಪತ್ರದ ಮೇಲೆ ಬರುತ್ತದೆ. ಊರು ಹೌದೆಂದರೆ ನಗರಸಭೆಯ ಅಪ್ಪನೂ ಅದನ್ನು ಮೀರುವ ಹಾಗಿಲ್ಲ. ನಾನು ಮನೆಮನೆ ಬಾಗಿಲು ತಟ್ಟಿದೆ. ನನ್ನ ಗೆಳತಿ ವರ್ನಾ ಟಟ್ಲ್ ಅಗ್ನಿಶಾಮಕದವರ ಹಾಲ್‌ನಲ್ಲಿ ಪ್ರತಿ ಶುಕ್ರವಾರ ಮೀನು ಕರಿಯುತ್ತಾಳೆ. ಊರಿಗೆ ಊರೇ ಅಲ್ಲಿಗೆ ಊಟಕ್ಕೆ ಬರುವುದರಿಂದ ಅವಳು ಅಲ್ಲೇ ಸಹಿ ತೆಗೆದುಕೊಂಡಳು.

ತೆಗೆದುಕೊಂಡದ್ದು ಹೇಗೆಂದರೆ, ಎಲೆಕೋಸಿನ ಪಚಡಿಯ ಬೋಗುಣಿ ಪಕ್ಕ ಅರ್ಜಿ ಹಾಳೆಗಳ ಪ್ಯಾಡು ಇಟ್ಟು, ಅದಕ್ಕೊಂದು ಪೆನ್ನು ಕಟ್ಟಿ, ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ನಮ್ಮೂರೇ ಹಾಗೆ. ರಸ್ತೆ ಬದಿ ಮೇಜಿನ ಮೇಲೆ ಜೋಳದ ತೆನೆ ಇಟ್ಟು, ಪಕ್ಕದಲ್ಲೊಂದು ಡಬ್ಬಿ ಇಟ್ಟು ಮನೆಯೊಳಗೆ ಹೋಗಿ ಮಲಗುವ ಜನ ನಾವು. ಯಾವುದನ್ನೂ ಯಾರೂ ಕಾಯುವುದಿಲ್ಲ. ಆದರೆ ಕಾನೂನು ಹಾಗಲ್ಲ. ಪ್ರತಿಯೊಂದು ಸಹಿಯೂ ನನ್ನ ಕಣ್ಣೆದುರೇ ಆಯಿತು ಎಂದು ಸಹಿ ತೆಗೆದುಕೊಂಡವರು ಹಾಳೆಯ ಕೆಳಗೆ ಪ್ರಮಾಣ ಮಾಡಿ ರುಜು ಹಾಕಬೇಕು. ವರ್ನಾ ಅದನ್ನು ಓದಿಯೇ ರುಜು ಮಾಡಿದ್ದಳು. ಹಾಲ್‌ನಲ್ಲಿ ಇದ್ದವರೆಲ್ಲ ಕಣ್ಣೆದುರಿನವರೇ ಅಲ್ಲವೇ ಅಂದುಕೊಂಡಿದ್ದಳು.

ಅರ್ಜಿ ಕೊಟ್ಟ ಮೇಲೆ, ವರ್ನಾಳ ಹಾಳೆಗಳ ಸಹಿ ಅವಳ ಕಣ್ಣೆದುರು ಆದದ್ದಲ್ಲ ಎಂದು ಕ್ರೇಗ್ ತಕರಾರು ತೆಗೆದ. ವಿಚಾರಣೆಯ ದಿನ ನಗರಸಭೆಯ ಕೋಣೆ ತುಂಬಿತ್ತು. ವರ್ನಾ ಬಲಗೈ ಎತ್ತಿ ಪ್ರಮಾಣ ಮಾಡಿ ಕೂತಳು.

"ಈ ಹಾಳೆಗಳ ಸಹಿ ಎಲ್ಲಾ ನಿಮ್ಮ ಕಣ್ಣೆದುರೇ ಆದವಾ, ಮೇಡಂ?" ಎಂದು ಕ್ರೇಗ್ ಕೇಳಿದ.

ಹೌದು ಅನ್ನು, ಹೌದು ಅನ್ನು ಎಂದು ನಾನು ಕೂತಲ್ಲೇ ಹಲ್ಲು ಕಚ್ಚುತ್ತಿದ್ದೆ.

"ಎಲ್ಲಾ ಅಂತ ಹೇಗಪ್ಪ ಹೇಳ್ಲಿ? ಮೀನು ತಿರುವಿ ಹಾಕೋಕೆ ಒಳಗೆ ಹೋಗ್ತಾ ಇದ್ದೆ. ನಿನ್ನ ತಟ್ಟೆಗೆ ಹಾಕಿದ್ದೂ ಅದೇ ಮೀನು."

ಅಲ್ಲಿಗೆ ಮುಗಿಯಿತು. ಅರ್ಜಿಯ ತೀರ್ಮಾನ ಮಾಡಬೇಕಿದ್ದ ನಗರಸಭೆಯ ಗುಮಾಸ್ತೆ ವರ್ನಾಳ ಹಾಳೆಗಳಷ್ಟನ್ನೂ ಹೊಡೆದುಹಾಕಿದಳು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ವರ್ನಾ ಒಳಗಿದ್ದಳು ಅಂತ ನಿಂಗೆ ಹೇಗೆ ಗೊತ್ತಾಯ್ತೋ, ಕ್ರೇಗ್? ಯಾರು ಸಹಿ ಹಾಕೋದನ್ನ ನೋಡ್ದೆ?"

ಅವನು ಕಾಗದ ಜೋಡಿಸುತ್ತಾ ನಿಂತ. ಗುಮಾಸ್ತೆಯೂ ತಲೆಯೆತ್ತಿ ಅವನನ್ನೇ ನೋಡಿದಳು.

"ನಮ್ಮಮ್ಮ ಹಾಕೋದನ್ನ," ಅಂದ.

ಜನ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಕೂತು ಮೀನು ತಿನ್ನುತ್ತಾ, ಹೆತ್ತ ತಾಯಿ ನಡುಗುವ ಕೈಯಲ್ಲಿ ಹೆಸರು ಬರೆಯುವುದನ್ನು ನೋಡಿ, ವರ್ನಾಳನ್ನು ಒಂದು ಕೂಗು ಕರೆಯದೆ, ಬಾಯಿ ಒರೆಸಿಕೊಂಡು ಹೋಗಿ ತಕರಾರು ಬರೆದವನು. ಇಂಥವನಿಗೆ ಉಪ್ಪು ಹಾಕಿದ ಊರಿಗೇ ನಾಚಿಕೆಯಾಗಬೇಕು.

ಕಾರಿನಲ್ಲಿ ವರ್ನಾಳ ಮೇಲೂ ಹರಿಹಾಯ್ದೆ. "ಒಂದು ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹರಿಶ್ಚಂದ್ರನ ಮೊಮ್ಮಗಳು ನೋಡು."

"ಅವ್ನು ಸುಳ್ಳು ಹೇಳಿಲ್ಲ ಕಣೇ, ಮಾರ್ಲೀನ್. ನಂಗೆ ಹೊಟ್ಟೆ ಉರಿಯೋದೇ ಅದಕ್ಕೆ. ಅಂಥವ್ನು ನಿಜ ಹೇಳ್ತಾ ಇರುವಾಗ ನಾನು ಸುಳ್ಳು ಹೇಳ್ಲಾ?" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಅಳುತ್ತಿದ್ದಳು. ನಾನು ಸಮಾಧಾನ ಮಾಡಲಿಲ್ಲ, ಅಷ್ಟು ಕೋಪ ನನಗೆ.

ಹಾಗೆ ಬಿದ್ದ ಸಹಿಗಳ ಕೊರತೆ ತುಂಬಿಸಲು ಸನ್ನದು ಹತ್ತು ದಿನ ಕೊಡುತ್ತದೆ. ಅದರೊಳಗೆ ತುಂಬದಿದ್ದರೆ ನವೆಂಬರ್ ತಪ್ಪುತ್ತದೆ. ನವೆಂಬರ್ ತಪ್ಪಿದರೆ ದಂಡೆಗೆ ಬೇಲಿ ಬೀಳುತ್ತದೆ. ನಾನು ಮತ್ತೆ ಬಾಗಿಲು ತಟ್ಟುತ್ತಾ ತಿರುಗಿದೆ. ಅರ್ಧ ಊರು ಬೇಸಿಗೆ ರಜೆಗೆ ಹೊರಟುಹೋಗಿತ್ತು. ಕೊನೆಗೆ ಉಳಿದದ್ದು ಮತ್ತೊಂದು ಶುಕ್ರವಾರದ ಊಟ.

ಅಂದು ವರ್ನಾ ಪ್ಯಾಡನ್ನು ದಾರದಲ್ಲಿ ಕೊರಳಿಗೇ ನೇತುಹಾಕಿಕೊಂಡಿದ್ದಳು. ಒಂದು ಬಾಂಡಲೆ ಮೀನು ಒಲೆಗೇರಿಸಿ ಹೊರಗೆ ಬಂದದ್ದೇ ತಡ, ವಿನಿಫ್ರೆಡ್ ಊರುಗೋಲಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಒಳಗೆ ಬಂದಳು. ಹಿಂದೆ ಕ್ರೇಗ್.

"ಎಲ್ಲಿ ಅದು? ಪೆನ್ನು ಕೊಡು," ಅಂದಳು ವಿನಿಫ್ರೆಡ್.

"ಅಮ್ಮಾ, ಮೊದ್ಲು ಊಟ ಮಾಡೋಣ," ಅಂದ ಕ್ರೇಗ್.

"ನನ್ನ ಹೆಸರು ಹೊಡೆಸಿಹಾಕೋವಾಗ ಊಟಕ್ಕೆ ಕರೆದಿದ್ಯೇನೋ?" ಎಂದು ಆಕೆ ವರ್ನಾಳ ಕಡೆ ತಿರುಗಿದಳು. "ನೀನು ಇಲ್ಲೇ ನಿಲ್ಲು. ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗೂ ನೋಡು."

ಆಕೆ ಬರೆಯತೊಡಗಿದಳು. ಪೆನ್ನು ಜಾರಿತು, ಮತ್ತೆ ಹಿಡಿದಳು. ಆಕೆಯ ಹಿಂದೆ ಒಬ್ಬೊಬ್ಬರೇ ತಟ್ಟೆ ಬಿಟ್ಟು ಎದ್ದು ಸಾಲು ನಿಂತರು. ಹೊಡೆದುಹಾಕಿದ ಹಾಳೆಯಲ್ಲಿ ಹೆಸರಿದ್ದವರು, ಇಲ್ಲದವರು, ಸಾಲು ಬಾಗಿಲು ದಾಟಿತು. ಅಡುಗೆಮನೆಯಿಂದ ಸೀದ ವಾಸನೆ ಬಂತು.

"ವರ್ನಾ, ಮೀನು ಸೀಯ್ತಾ ಇದೆ," ಎಂದರು ಯಾರೋ.

ವರ್ನಾ ಕದಲಲಿಲ್ಲ. ಹೊಗೆ ಹಾಲ್‌ಗೆ ಬಂದರೂ ಅವಳು ಪೆನ್ನಿನ ತುದಿಯಿಂದ ಕಣ್ಣು ತೆಗೆಯಲಿಲ್ಲ. ಒಲೆ ಆರಿಸಿದವಳು ನಾನೇ. ಆ ಒಂದು ಸಾಲಿನಲ್ಲೇ ನಮ್ಮ ಕೊರತೆ ತುಂಬಿ ಮಿಕ್ಕಿತು.

ಬಾಂಡಲೆಯಲ್ಲಿ ಎಲ್ಲಕ್ಕಿಂತ ಕಪ್ಪಗಾದ ತುಂಡನ್ನು ಹುಡುಕಿ ತಂದು ಕ್ರೇಗನ ತಟ್ಟೆಗೆ ಹಾಕಿದೆ.

"ಇದು ಸೀದಿದೆ," ಅಂದ.

"ಯಾಕೆ ಸೀದುಹೋಯ್ತು ಅಂತ ಕಣ್ಣಾರೆ ನೋಡಿದ್ಯಲ್ಲ. ಇದಕ್ಕೂ ತಕರಾರು ಬರಿ."

ಅವನು ತಟ್ಟೆ ಹಿಡಿದು ಹೋಗಿ ತಾಯಿಯ ಎದುರು ಕೂತ. ಆಕೆ ಅವನ ತಟ್ಟೆಯನ್ನು ನೋಡಿದಳು.

"ತಿನ್ನು," ಅಂದಳು.