ಹೋಳಿಗೆ ಸೇರದ ದೇವೀರಪ್ಪ

ಊಟ ಸೇರದೆ ತಟ್ಟೆ ಸರಿಸುವ ಗಂಡ ಮನೆಯಲ್ಲಿದ್ದರೆ ಹೆಂಡತಿಯ ಪಾಡು ಯಾರಿಗೂ ಬೇಡ. ಅಜ್ಜಂಪುರದ ಮಲ್ಲಿಕಾಂಬಳಿಗೆ ಆ ಪಾಡು ಬಂದದ್ದು, ಗಂಡ ದೇವೀರಪ್ಪ ಕಲ್ಲಿದ್ದಲ ರೈಲಿನ ಮಸಿ ಮೆತ್ತಿಕೊಂಡು ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಹೊಟ್ಟೆಯ ಹುಣ್ಣು ವಿಪರೀತವಾಗಿ, ಡಾಕ್ಟರು ಆಪರೇಷನ್ ಮಾಡಿ ಜಠರದ ಒಂದು ಭಾಗವನ್ನೇ ತೆಗೆದಿದ್ದರು. ಬದುಕಿ ಬಂದನಲ್ಲ ಎಂಬ ಖುಷಿಗೆ ಅವಳು ಹೋಳಿಗೆ ಮಾಡಿದಳು. ಈ ದೇವೀರಪ್ಪನೋ, ಬೆಲ್ಲದ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆಯುವ ಆಸಾಮಿ!

ಅಂಥವನು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ. “ಏನೇ ಇದು, ಇಷ್ಟೊಂದ್ ಸಿಹಿ? ಗಂಟ್ಲಲ್ಲಿ ಇಳೀತಿಲ್ಲ ಕಣೇ.”

“ಯಾವಾಗ್ಲೂ ಹಾಕೋ ಅಷ್ಟೇ ಬೆಲ್ಲ ಹಾಕಿರೋದು ಕಣ್ರೀ,” ಎಂದಳು ಮಲ್ಲಿಕಾಂಬ.

ಅವಳ ಮನಸ್ಸು ನೋಯಬಾರದೆಂದು ಅವನು ಹೇಗೋ ಒಂದು ಹೋಳಿಗೆ ಮುಗಿಸಿದ. ಸ್ವಲ್ಪ ಹೊತ್ತಿಗೇ ಮೈಯೆಲ್ಲ ಬೆವೆತು, ಎದೆ ಡವಡವ ಹೊಡೆದುಕೊಂಡು, ಗೋಡೆಗೊರಗಿ ಕೂತುಬಿಟ್ಟ.

ಅತ್ತೆ ಕರಿಬಸಮ್ಮ ಎದೆ ಬಡಿದುಕೊಂಡಳು. “ನನ್ ಮಗನಿಗೆ ಮದ್ದು ಹಾಕವ್ರೆ! ಬರೋವಾಗ ಬೀರೂರಲ್ಲಿ ನಿಮ್ಮವ್ವನ ಮನೇಲಿ ಉಂಡ್ ಬಂದ್ನಲ್ಲ, ಅಲ್ಲೇ ಆಗೈತೆ. ನಾಳೆ ಮದ್ದು ಕಕ್ಕಿಸೋನ್ನ ಕರೆಸ್ತೀನಿ.”

ಆಗದವರು ಅನ್ನದಲ್ಲಿ ಮದ್ದು ಬೆರೆಸುತ್ತಾರೆ, ಸೊಪ್ಪಿನ ರಸ ಕುಡಿಸಿ ಕಕ್ಕಿಸಿದರೆ ಅದು ಹೊರಗೆ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಮನೆಯಲ್ಲಿಲ್ಲ, ಹೇಳಿ? ಮಲ್ಲಿಕಾಂಬ ಹೋಳಿಗೆಯ ತಟ್ಟೆಯನ್ನು ಒಳಗೆ ತೆಗೆದಿಟ್ಟಳು. ಹೆತ್ತ ತಾಯಿಯ ಮೇಲೆ ಇಂಥ ಮಾತೇ? ಅದಿರಲಿ, ಹೊಲಿಗೆ ಹಾಕಿದ ಹೊಟ್ಟೆಯನ್ನು ಕಕ್ಕಿಸಿ ಹಿಂಡಿದರೆ ಗಂಡ ಉಳಿದಾನೆಯೇ? ಅತ್ತೆಗೆ ಎದುರಾಡದೆ, ಸೆರಗು ಸಿಕ್ಕಿಸಿಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯ ನರ್ಸು ಸುಲೋಚನಮ್ಮನನ್ನೇ ಕರೆತಂದಳು.

ಸುಲೋಚನಮ್ಮ ನಾಡಿ ನೋಡಿ, ದೇವೀರಪ್ಪನನ್ನು ಚಾಪೆಯ ಮೇಲೆ ಮಲಗಿಸಿದರು. “ಮದ್ದೂ ಇಲ್ಲ, ಮಾಟಾನೂ ಇಲ್ಲ ಕರಿಬಸಮ್ಮಾರೆ. ಇಂಥ ಆಪರೇಷನ್ ಆದ್ಮೇಲೆ ಕೆಲವರಿಗೆ ಬಾಯಿರುಚಿ ಬದಲಾಗುತ್ತೆ. ಇಷ್ಟವಾಗಿದ್ದೇ ಸೇರಲ್ಲ. ಹೊಟ್ಟೆ ಬೇರೆ ಚಿಕ್ಕದಾಗಿದೆ. ಸಿಹಿ ತಿಂದ್ರೆ ಅಲ್ಲಿ ನಿಲ್ಲದೆ ಸೀದಾ ಕರುಳಿಗೆ ಇಳಿದುಬಿಡುತ್ತೆ. ಅದಕ್ಕೇ ಈ ಬೆವರು, ಸುಸ್ತು.”

“ಹೋಗವ್ವ! ಹೊಟ್ಟೆ ಕುಯ್ದ್ರೆ ನಾಲ್ಗೆ ಯಾಕ್ ಕೆಡುತ್ತೆ?” ಕರಿಬಸಮ್ಮ ಬಗ್ಗುವವಳಲ್ಲ.

“ನೀವು ಬಸುರಿಯಾಗಿದ್ದಾಗ ಯಾವ ವಾಸನೆ ಆಗ್ತಿರಲಿಲ್ಲ?”

“ಒಗ್ಗರಣೆ ಕಣವ್ವ! ಒಲೆ ಮುಂದೆ ನಿಲ್ಲಾಕಾಗ್ತಿರಲಿಲ್ಲ.”

“ಆಗ ನಿಮಗೆ ಯಾರು ಮದ್ದು ಹಾಕಿದ್ರು?”

ಚಾಪೆಯ ಮೇಲಿಂದ ದೇವೀರಪ್ಪ ಗೊಣಗಿದ, “ಹಂಗಂತ ನಾನೇನ್ ಬಸುರಿಯಲ್ಲ ಕಣವ್ವ!” ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಸುಲೋಚನಮ್ಮ ಹೇಳಿದರು, “ತಟ್ಟೆ ತುಂಬ ಬಡಿಸಬೇಡಿ. ಮೆತ್ತಗಿರೋದನ್ನ ಸ್ವಲ್ಪ ಸ್ವಲ್ಪ ಆಗಾಗ ಕೊಡಿ, ಚೆನ್ನಾಗಿ ಅಗಿದು ತಿನ್ನಲಿ. ನೀರು ಊಟದ ಜೊತೆ ಬೇಡ, ಆಮೇಲೆ ಕುಡೀಲಿ. ಸಿಹಿ ದೂರ ಇಡಿ. ಈಗ ಸೇರದ್ದು ಮುಂದೆ ಸೇರಲೂಬಹುದು. ಕಕ್ಕಿಸೋದು ಮಾತ್ರ ಬೇಡವೇ ಬೇಡ, ಜೀವಕ್ಕೇ ಅಪಾಯ. ತಾನಾಗೇ ವಾಂತಿ ಶುರುವಾಗಿ ನಿಲ್ಲದಿದ್ರೆ, ಮಲ ಕಪ್ಪಗೆ ಹೋದ್ರೆ, ತಡಮಾಡದೆ ಆಸ್ಪತ್ರೆಗೆ ಬನ್ನಿ.”

ಸಂಜೆ ಮಲ್ಲಿಕಾಂಬ ಅನ್ನವನ್ನು ಮೆತ್ತಗೆ ಕಿವುಚಿ, ತಿಳಿಸಾರು ಬೆರೆಸಿ ಸಣ್ಣ ಬಟ್ಟಲಲ್ಲಿ ಕೊಟ್ಟಳು. ದೇವೀರಪ್ಪ ನಿಧಾನವಾಗಿ ಉಂಡು, “ಇದು ಸೇರ್ತು ಕಣೇ,” ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಕರಿಬಸಮ್ಮ ಬಂದು ಸೊಸೆಯ ಕೈ ಹಿಡಿದಳು. “ನಿಮ್ಮವ್ವನ್ನ ಅನ್ನಬಾರದ್ದು ಅಂದ್ಬಿಟ್ಟೆ ಕಣವ್ವ. ನಾಳೆ ನಾನೇ ಬೀರೂರಿಗೆ ಹೋಗಿ ತಪ್ಪಾಯ್ತು ಅಂತೀನಿ. ಬೀಗ್ತಿ ಏನ್ ಬಡಿಸಿದ್ರೂ ಹೊಟ್ಟೆ ತುಂಬ ಉಂಡ್ ಬತ್ತೀನಿ.” ಮಲ್ಲಿಕಾಂಬ ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೊಟ್ಟೆಯ ಆಪರೇಷನ್ ಆದವರು ಊಟ ಸೇರುತ್ತಿಲ್ಲ ಎಂದರೆ ಬಲವಂತ ಮಾಡಬೇಡಿ, ಅಡುಗೆ ಮಾಡಿದವರನ್ನು ಬೈಯಬೇಡಿ, ಉಣ್ಣಲಿಕ್ಕಿದ ನೆಂಟರನ್ನು ಶಂಕಿಸಬೇಡಿ. ಮದ್ದು ಕಕ್ಕಿಸುವವನ ಬಾಗಿಲಿಗೆ ಹೋಗುವ ಕಾಲನ್ನು ಆಸ್ಪತ್ರೆಯ ಕಡೆ ತಿರುಗಿಸಿ.